ಅಪ್ಪನ ಕೈತೂಕ

ಹೋದ ತಿಂಗಳು ಅಕ್ಕನ ಮಗಳು ಚೈತ್ರ ಮುಳಬಾಗಿಲಿನಿಂದ ಮಾಲೂರಿನ ನಮ್ಮ ಮನೆಗೆ ಬಂದಿದ್ದಳು. ಹಿದಕಿದ ಬೇಳೆ ಸಾರಿನ ಊಟ. ಎರಡನೇ ಮುದ್ದೆಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಅವಳು ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಡಿಗ್ರಿ ಮೊದಲ ವರ್ಷದ ಹುಡುಗಿ; ಬೀದಿಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ಕೂಡಿಟ್ಟ ದುಡ್ಡಿನಲ್ಲಿ ಗೇಮ್ ಆಡುವ ಕಂಪ್ಯೂಟರು ತಾನೇ ಜೋಡಿಸಬೇಕಂತೆ. ಪ್ರೊಸೆಸರು, ಬೋರ್ಡು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು, ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, ಎಲ್ಲಕ್ಕೂ ಕಂಪನಿ, ನಂಬರು, ಬೆಲೆ ಅಚ್ಚುಕಟ್ಟಾಗಿ ಬರೆದಿದ್ದಳು. ಕೊನೆಯ ಸಾಲಿನಲ್ಲಿ ಮಾತ್ರ, 'ಎಸ್‌ಎಂಪಿಎಸ್ – ಯಾವುದಾದರೂ' ಎಂದಿತ್ತು.

ಕಂಪ್ಯೂಟರಿನ ಹೊಟ್ಟೆಯೊಳಗಿನ ಸಮಾಚಾರ ನಿಮಗೆ ಗೊತ್ತಿಲ್ಲದಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ. ಗೋಡೆಯಿಂದ ಬರುವ ಕರೆಂಟನ್ನು ಇಳಿಸಿ, ಸೋಸಿ, ಉಳಿದ ಭಾಗಗಳಿಗೆ ಹಂಚುವ ತಗಡಿನ ಪೆಟ್ಟಿಗೆಯೇ ಎಸ್‌ಎಂಪಿಎಸ್. ಹೊರಗೆ ಕಾಣುವುದಿಲ್ಲ, ಮಿಣಮಿಣ ಅನ್ನುವುದಿಲ್ಲ, ಗೆಳೆಯರಿಗೆ ತೋರಿಸಿ ಮೆರೆಯುವ ವಸ್ತುವೂ ಅಲ್ಲ. ಹಾಗಾಗಿ ಮೊದಲ ಸಲ ಪಟ್ಟಿ ಮಾಡುವವರೆಲ್ಲ ದುಡ್ಡು ಮುಗಿದ ಮೇಲೆ ನೆನಪಿಸಿಕೊಳ್ಳುವುದು ಅದನ್ನೇ.

"ಇದೇನೇ, ಇದಕ್ಕೆ ಮಾತ್ರ ಯಾವುದಾದ್ರೂ ಅಂತ ಬರ್ದಿದ್ದೀಯಾ?" ಎಂದೆ.

"ಅದೊಂದು ಡಬ್ಬ ತಾನೆ ಮಾಮ. ತಾತನ್ನೂ ಕೇಳ್ದೆ, ಕರೆಂಟಿಂದು ಎಲ್ಲಾ ಗೊತ್ತಲ್ಲ ಅಂತ. 'ನಂಗೇನೂ ಗೊತ್ತಾಗಲ್ಲಮ್ಮ, ನಿಮ್ಮ ಮಾಮನ್ನೇ ಕೇಳು' ಅಂದ್ಬಿಡ್ತು."

ಮುದ್ದೆ ಗಂಟಲಲ್ಲೇ ನಿಂತಿತು. ನನ್ನ ಹೆಂಡತಿ ನೀರು ಕೊಟ್ಟು, "ನಿಧಾನವಾಗಿ ನುಂಗಿ, ಯಾರೂ ಕಿತ್ಕೊಳ್ಳಲ್ಲ" ಎಂದಳು. ಅವಳಿಗೇನು ಗೊತ್ತು! 'ನಂಗೇನೂ ಗೊತ್ತಾಗಲ್ಲ' ಎಂಬ ಮಾತು ಅಪ್ಪನ ಬಾಯಿಗೆ ತಾನಾಗಿ ಬಂದದ್ದಲ್ಲ. ಅದನ್ನು ಅಲ್ಲಿ ತಂದಿಟ್ಟವನು ನಾನು. ಹೇಗೆ ಇಟ್ಟೆ ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು. ರಸ್ತೆಯ ಮೇಲೆ ಅಪ್ಪನ ಮೋಟಾರ್ ರೀವೈಂಡಿಂಗ್ ಅಂಗಡಿ, ಅದರ ಹಿಂದೆಯೇ ಮನೆ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಟ್ರ್ಯಾಕ್ಟರಿನಲ್ಲಿ, ಬೈಕಿನ ಹಿಂದಿನ ಸೀಟಿನಲ್ಲಿ, ಒಮ್ಮೊಮ್ಮೆ ಟೊಮೇಟೊ ಕ್ರೇಟುಗಳ ನಡುವೆ ಮಲಗಿಕೊಂಡು ಬರುತ್ತಿದ್ದವು. ಅಪ್ಪ ಅವುಗಳ ಕರಕಲು ಸುರುಳಿ ಕತ್ತರಿಸಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು ಜೀವ ಬರಿಸುತ್ತಿದ್ದ. ನಮ್ಮ ಮನೆಯ ಅನ್ನಕ್ಕೂ ವಾರ್ನಿಷಿನ ವಾಸನೆ ಇತ್ತು. ಹಾಸ್ಟೆಲ್ಲಿಗೆ ಹೋದ ಮೇಲೇ ನನಗೆ ಗೊತ್ತಾಗಿದ್ದು, ಅನ್ನಕ್ಕೆ ಹಾಗೆ ವಾಸನೆ ಇರುವುದಿಲ್ಲ ಎಂದು.

ಆದರೆ ಅಪ್ಪನ ಹೆಸರು ಇದ್ದದ್ದು ಸುತ್ತುವುದಕ್ಕಿಂತ ಎತ್ತುವುದರಲ್ಲಿ. ಹೊಸ ಮೋಟಾರು ಕೊಂಡವರು, ಕೊಳ್ಳಬೇಕೆಂದಿರುವವರು ನಮ್ಮ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ತಾಮ್ರ ಭಾರ, ಅಲ್ಯೂಮಿನಿಯಂ ಹಗುರ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ತಂತಿ ಒಳಗಿಟ್ಟು ಮಾರುವ ಕಳ್ಳರು ಆಗಲೂ ಇದ್ದರು. ಅಪ್ಪ ತಂತಿಯನ್ನೂ ನೋಡುತ್ತಿರಲಿಲ್ಲ, ಚೀಟಿಯನ್ನೂ ಓದುತ್ತಿರಲಿಲ್ಲ. ಎರಡು ಕೈಯಲ್ಲಿ ಎತ್ತಿ, ಒಂದು ಗಳಿಗೆ ಕಣ್ಣು ಮುಚ್ಚಿ, ಕೆಳಗಿಡುತ್ತಿದ್ದ.

"ಅನ್ನಾ, ತೀಸುಕೋವಚ್ಚಾ?" ಎಂದು ರೈತರು ತೆಲುಗಿನಲ್ಲೇ ಕೇಳುವರು, ತಗೋಬಹುದಾ ಎಂದು.

"ವದ್ದು" ಅಂದರೆ ಮುಗಿಯಿತು, ಬೇಡ. ಆ ಮೋಟಾರು ಬಂದ ಬಸ್ಸಿನಲ್ಲೇ ವಾಪಸು. ಕೆಲವು ಅಂಗಡಿಯವರು ಅಪ್ಪನ ಮೇಲೆ ಹಲ್ಲು ಕಡಿಯುತ್ತಿದ್ದರು. ಮೋಟಾರಿಗೆ ಮಾತ್ರವೇನು, ಊರಿನ ಎಲ್ಲದಕ್ಕೂ ಅಪ್ಪನದೊಂದು 'ಬೇಡ' ಇಲ್ಲವೇ 'ತಗೊ' ಇರುತ್ತಿತ್ತು: ಇಡ್ಲಿ ಪಾತ್ರೆ, ಸೈಕಲ್ಲು, ಅಕ್ಕನಿಗೆ ಬಂದ ಗಂಡುಗಳು. ಭಾವನನ್ನು ಎತ್ತಿ ನೋಡಲಿಲ್ಲ ಅನ್ನುವುದೊಂದು ಬಿಟ್ಟರೆ ಉಳಿದ ಪರೀಕ್ಷೆಯೆಲ್ಲ ಆಗಿತ್ತು.

ಇಂಥ ಮನೆಯಲ್ಲಿ ಹುಟ್ಟಿದ ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಗೇಮಿನ ಹುಚ್ಚು ಹತ್ತಿಸಿಕೊಂಡೆ. ಡಿಪ್ಲೊಮಾ ಓದುತ್ತಿದ್ದ ದಿನಗಳು. ಸೈಬರ್ ಸೆಂಟರಿನ ಕುರ್ಚಿಯಲ್ಲಿ ಕೂತು ಕಾರು ಓಡಿಸಿ ಓಡಿಸಿ, ರಾಯಲ್ಪಾಡಿನ ಬಸ್ಸಿನಲ್ಲಿ ಕೂತರೂ ಕಾಲು ಬ್ರೇಕು ಹುಡುಕುತ್ತಿತ್ತು. ಸ್ವಂತ ಯಂತ್ರ ಬೇಕು ಎನ್ನಿಸಿ ಒಂದು ಮಾವಿನ ಸೀಸನ್ ಪೂರ್ತಿ ಶ್ರೀನಿವಾಸಪುರದ ಮಂಡಿಯಲ್ಲಿ ಕಾಯಿ ವಿಂಗಡಿಸಿದೆ. ಸೊನೆ ತಾಗಿ ಕೈಯೆಲ್ಲ ಕಜ್ಜಿ. ಉಳಿದದ್ದನ್ನು ಅಪ್ಪ ಹಾಕುತ್ತೇನೆಂದ.

ನಾನು ಮಾಡಿದ ಪಟ್ಟಿ ಚೈತ್ರಳ ಪಟ್ಟಿಗೆ ಅಣ್ಣನಂತಿತ್ತು. ದುಡ್ಡಿನ ಅರ್ಧಕ್ಕಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೆ. ಅದರ ಸೊಕ್ಕು ತಡೆಯುವ ಪ್ರೊಸೆಸರಿಗೆ ದುಡ್ಡಿಲ್ಲ. ಪ್ರೊಸೆಸರಿಗೆ ಕೊಟ್ಟರೆ ರ‍್ಯಾಮಿಗಿಲ್ಲ. ದಿನಾ ಒಂದು ಹೊಡೆದುಹಾಕುವುದು, ಇನ್ನೊಂದು ಬರೆಯುವುದು. ಅಮ್ಮ ಒಂದು ದಿನ ಪಟ್ಟಿ ಓದಿಸಿಕೊಂಡು ಕೇಳಿ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ" ಎಂದಳು. ಕಂಪ್ಯೂಟರು ಜೋಡಿಸುವ ವಿದ್ಯೆಯ ಮೊದಲ ಪಾಠ ಅದೇ, ನನ್ನ ತಲೆಗೆ ಹತ್ತಲಿಲ್ಲ ಅಷ್ಟೆ.

ಕೋಲಾರದ ಒಂದು ಅಂಗಡಿಗೆ ಅಪ್ಪನೂ ನಾನೂ ಹೋದೆವು. ನಾನು ಹೇಳಿದ್ದನ್ನೆಲ್ಲ ಅಪ್ಪ ಸುಮ್ಮನೆ ಕೇಳಿಸಿಕೊಂಡ, ಪ್ರೊಸೆಸರು ಎಂಬ ಚೂರನ್ನು ನೋಡಿ, "ಇಷ್ಟು ಚಿಕ್ಕದಕ್ಕೆ ಇಷ್ಟಾ!" ಅಂದದ್ದು ಬಿಟ್ಟರೆ ತಕರಾರಿಲ್ಲ. ಎಸ್‌ಎಂಪಿಎಸ್ ಸರದಿ ಬಂದಾಗ ಅಂಗಿಯ ತೋಳು ಮಡಿಸಿಕೊಂಡ. ಅಂಗಡಿಯವನು ಮೂರು ಪೆಟ್ಟಿಗೆ ತಂದಿಟ್ಟ. ಒಂದು ಹೆಸರಿದ್ದ ಕಂಪನಿಯದು, ನಮ್ಮ ಕೈಗೆ ಸ್ವಲ್ಪ ಮೀರಿದ್ದು. ಉಳಿದೆರಡು ಯಾರದೋ ಏನೋ. ಅಪ್ಪ ಒಂದೊಂದನ್ನೂ ಎತ್ತಿದ, ಕಣ್ಣು ಮುಚ್ಚಿದ, ಇಟ್ಟ.

"ಇದು. ಒಳಗೆ ಮಾಲಿದೆ" ಎಂದ, ಮೂರನೆಯದನ್ನು ತೋರಿಸಿ.

"ಒಳ್ಳೇ ಸೆಲೆಕ್ಷನ್ ಯಜಮಾನ್ರೆ" ಎಂದ ಅಂಗಡಿಯವನು. ನನಗೂ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ಉಳಿದ ದುಡ್ಡಿನಲ್ಲಿ ದೀಪ ಉರಿಯುವ ಫ್ಯಾನು ಬಂತು.

ಜೋಡಿಸಿದ್ದಾಯಿತು. ಬೆಳಿಗ್ಗೆ ಓಡಿತು, ಕಾರು ಕಿರುಚಿತು, ಅಮ್ಮ ಬಂದು ನೋಡಿ, "ಗುದ್ಕೋತೀಯಾ ನಿಧಾನ" ಎಂದಳು. ಅಪ್ಪ ಒಂದೇ ಷರತ್ತು ಹಾಕಿದ. "ತ್ರೀ ಫೇಸ್ ಇರೋ ಹೊತ್ತಲ್ಲಿ ಇದನ್ನ ಹಾಕ್ಬೇಡ. ಎರಡು ದಿನ ತಾಳು, ಇದಕ್ಕೇ ಅಂತ ಒಂದು ಸ್ಟೆಬಿಲೈಸರ್ ಸುತ್ತಿಕೊಡ್ತೀನಿ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಕೆಲವೇ ಗಂಟೆ ಬಿಡುವ ತ್ರೀ ಫೇಸ್ ಬಂದರೆ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರು. ಇರುವ ಕರೆಂಟನ್ನೆಲ್ಲ ಅವು ಹೀರಿಕೊಂಡು, ಮನೆಯ ಬಲ್ಬು ಮಾಗಿದ ಟೊಮೇಟೊ ಬಣ್ಣಕ್ಕೆ ಇಳಿಯುತ್ತದೆ. ಎರಡು ದಿನ ತಾಳುವುದು ದೊಡ್ಡ ತಪಸ್ಸೇನೂ ಅಲ್ಲ. ನಾನು ಅರ್ಧ ದಿನವೂ ತಾಳಲಿಲ್ಲ.

ಅವತ್ತೇ ಮಧ್ಯಾಹ್ನ. ಅಪ್ಪ ಯಾರದೋ ತೋಟದಲ್ಲಿ ಮೋಟಾರು ಮೇಲೆತ್ತಿಸಲು ಹೋಗಿದ್ದ. ನಾನು ಗುಂಡಿ ಒತ್ತಿದೆ, ಯಂತ್ರ ಒಮ್ಮೆ ಉಸಿರೆಳೆದು ಸುಮ್ಮನಾಯಿತು. ಮತ್ತೆ ಒತ್ತಿದೆ, ಅದೇ ಕಥೆ. ವೋಲ್ಟೇಜು ಸಾಲದು. ಹಿಂದೆ ಬಗ್ಗಿ ನೋಡಿದರೆ, ಎಸ್‌ಎಂಪಿಎಸ್ ಬೆನ್ನಿನ ಮೇಲೆ ಒಂದು ಚಿಕ್ಕ ಕೆಂಪು ಸ್ವಿಚ್ಚು. ಒಂದು ಕಡೆ 230 ಎಂದಿದೆ, ಇನ್ನೊಂದು ಕಡೆ 115. ನನ್ನ ಬುದ್ಧಿ ಓಡಿದ ವೇಗಕ್ಕೆ ನನಗೇ ಬೆರಗಾಯಿತು. ಸ್ಟೆಬಿಲೈಸರಿನಲ್ಲಿ ವೋಲ್ಟೇಜು ಬಿದ್ದಾಗ ಗುಂಡಿ ಒಂದು ಮನೆ ತಿರುಗಿಸುವುದಿಲ್ಲವೇ? ಇದೂ ಅದೇ! ಕಡಿಮೆ ಕರೆಂಟಿಗೆ ಕಡಿಮೆ ನಂಬರು. ಆ 115 ಬೇರೆ ದೇಶಗಳ ಕರೆಂಟಿಗೆ ಇಟ್ಟದ್ದು ಎನ್ನುವುದು ಬೆಂಗಳೂರಿನ ನಡುವೆ ಬೆಳೆದ ಹುಡುಗನಿಗೂ ಗೊತ್ತಿರಲಿಕ್ಕಿಲ್ಲ, ಆದರೆ ಅದನ್ನು ಮುಟ್ಟುವ ಯೋಚನೆಯೇ ಅವನಿಗೆ ಬರುತ್ತಿರಲಿಲ್ಲ. ಲೋ ವೋಲ್ಟೇಜಿನಲ್ಲಿ ಹುಟ್ಟಿ, ರೀವೈಂಡಿಂಗ್ ಅಂಗಡಿಯಲ್ಲಿ ಬೆಳೆದವನಿಗೇ ಇಂಥ ಜಾಣತನ ಹೊಳೆಯುವುದು. ಸ್ವಿಚ್ಚು ಸರಿಸಿದೆ. ಯಂತ್ರ ಓಡಿಯೇಬಿಟ್ಟಿತು.

ಒಂದೂವರೆ ಗಂಟೆ ಆಡಿದೆ. ಅಪ್ಪ ಬಂದ ಮೇಲೆ, 'ನಿನ್ನ ಸ್ಟೆಬಿಲೈಸರೇ ಬೇಡ, ನೋಡು' ಎಂದು ತೋರಿಸುವ ಹುಮ್ಮಸ್ಸು ಬೇರೆ. ಅಷ್ಟರಲ್ಲಿ ತ್ರೀ ಫೇಸ್ ಹೋಯಿತು. ಪಂಪ್‌ಸೆಟ್ಟುಗಳು ಒಂದೇ ಸಲಕ್ಕೆ ನಿಂತವು, ತಲೆಯ ಮೇಲಿನ ಬಲ್ಬು ಫಳ್ಳೆಂದು ಬೆಳಗಿತು, 115ಕ್ಕೆ ಸರಿಸಿದ್ದ ಪೆಟ್ಟಿಗೆಗೆ ಪೂರ್ತಿ 230 ನುಗ್ಗಿತು, ಢಂ!

ಹೊಗೆ. ಸುಟ್ಟ ವಾಸನೆ. ಅಮ್ಮ ಒಲೆ ಬಿಟ್ಟು ಓಡಿಬಂದಳು. ಅವಳು ಬಾಗಿಲಿಗೆ ಬರುವ ಮುಂಚೆ ನಾನು ಮಾಡಿದ್ದು ಒಂದೇ ಕೆಲಸ. ಪ್ಲಗ್ಗು ಕಿತ್ತು, ಹಿಂದೆ ಕೈ ಹಾಕಿ, ಆ ಕೆಂಪು ಸ್ವಿಚ್ಚನ್ನು 230ಕ್ಕೆ ವಾಪಸು ಸರಿಸಿದೆ.

ಅಪ್ಪ ಬಂದದ್ದು ಇಬ್ಬರು ರೈತರ ಜೊತೆ. ಅವನು ಏನಾಯಿತು ಎಂದು ಕೇಳುವ ಮೊದಲೇ ನಾನು ಎಗರಿಬಿದ್ದೆ. "ನೀನು ಆರಿಸಿದ್ದು ನೋಡು! ತೂಕ ತೂಕ ಅಂತ ಎತ್ತಿ ಎತ್ತಿ ನೋಡ್ದಲ್ಲ! ಗೊತ್ತಿಲ್ದಿರೋದಕ್ಕೆ ಯಾಕೆ ಕೈ ಹಾಕ್ತೀಯ? ಇದೇನು ಬೋರ್‌ವೆಲ್ ಮೋಟಾರಾ?" ರೈತರು ಮುಖ ಮುಖ ನೋಡಿಕೊಂಡರು. ಅಪ್ಪನಿಗೆ ಯಾರೂ ಹಾಗೆ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಪ್ಪ ಟೀವಿ ಹಾಕಿ ನೋಡಿದ. ಅದು ನೆಟ್ಟಗಿತ್ತು. "ಲೈನ್ ಏನೂ ಜಾಸ್ತಿ ಬಂದಿಲ್ಲ" ಎಂದುಕೊಂಡ. ಎಸ್‌ಎಂಪಿಎಸ್ ಅನ್ನು ಅಂಗಡಿಗೆ ಒಯ್ದು ಸ್ಕ್ರೂ ಬಿಚ್ಚಿದ. ಒಳಗಿನ ಕೆಪಾಸಿಟರ್ ಡಬ್ಬಿಗಳು ಒಡೆದಿದ್ದವು, ಅದು ನನಗೆ ಗೊತ್ತಿದ್ದದ್ದೇ. ನನಗೆ ಗೊತ್ತಿರದಿದ್ದದ್ದು ಇನ್ನೊಂದು. ತಗಡಿನ ತಳಕ್ಕೆ ಅಂಟು ಹಾಕಿ ಕೂರಿಸಿದ್ದ ಒಂದು ಬೂದು ಬಣ್ಣದ ಗಟ್ಟಿ. ಅಪ್ಪ ಅದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡ. ಸಿಮೆಂಟು. ಎತ್ತಿ ನೋಡುವವರನ್ನು ಮೋಸ ಮಾಡುವುದಕ್ಕೆಂದೇ ಯಾರೋ ಇಟ್ಟದ್ದು.

ಅಪ್ಪನ ಮುಖವನ್ನು ಆವತ್ತು ನೋಡಬಾರದಿತ್ತು. ಬೈಯಲಿಲ್ಲ, ಆಣೆ ಪ್ರಮಾಣ ಮಾಡಲಿಲ್ಲ. "ಸಿಮೆಂಟು ಕಣೋ" ಎಂದ, ಅಷ್ಟೆ. ಆಗಲೇ ಬಾಯಿ ಬಿಡಬೇಕಿತ್ತು. ಅಪ್ಪಾ, ಸಿಮೆಂಟು ಇರಲಿ, ಅದನ್ನು ಸುಟ್ಟವನು ನಾನು ಎನ್ನಬೇಕಿತ್ತು. ನನಗೆ ಬಂದದ್ದು ಏನು ಗೊತ್ತೇ? ನೆಮ್ಮದಿ. ಬಚಾವಾದೆ ಎಂಬ ನೆಮ್ಮದಿ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಅಂಗಡಿಗೆ ಹೋಗಿ ಜಗಳವಾಡೋಣ ಎಂದು ಅಮ್ಮ ಹೇಳಿದರೆ ಅಪ್ಪ ಒಪ್ಪಲಿಲ್ಲ. "ಎತ್ತಿ ಆರಿಸಿದ್ದು ನಾನು. ಅವನೇನು ಕೈಗೆ ತುರುಕಿದ್ನಾ?" ಎಂದ. ಒಂದು ತಿಂಗಳು ಬಿಟ್ಟು, ಎಸ್‌ಎಂಪಿಎಸ್ಸನ್ನೂ ಅದರ ಜೊತೆ ಸುಟ್ಟ ಭಾಗಗಳನ್ನೂ ಹೊಸದಾಗಿ ಕೊಡಿಸಲು ಅವನೇ ನನ್ನನ್ನು ಕರೆದುಕೊಂಡು ಹೋದ. ಆದರೆ ಅಂಗಡಿಯ ಒಳಗೆ ಬರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೂತು, "ನೀನೇ ನೋಡಿ ತಗೊ, ನಂಗೇನೂ ಗೊತ್ತಾಗಲ್ಲ" ಎಂದ. ಆ ಮಾತು ನಾನು ಮೊದಲು ಕೇಳಿದ್ದು ಅಲ್ಲಿ.

ಆಮೇಲೆ ಅದು ಎಲ್ಲದಕ್ಕೂ ಬಂತು. ಮೋಟಾರು ತಂದವರಿಗೆ, "ನೀವೇ ನೋಡಿ ಸ್ವಾಮಿ" ಎನ್ನತೊಡಗಿದ. ಜೀವಮಾನವೆಲ್ಲ ಕೈಯಲ್ಲೇ ತೂಗಿದವನು ತಂತಿ ತೂಗಲು ತಕ್ಕಡಿ ತಂದಿಟ್ಟ. ಸುತ್ತುವ ಕೆಲಸ ಎಂದಿನಂತೆ ಚೊಕ್ಕವಾಗಿತ್ತು, ಆದರೆ ಕೇಳುವವರು ಒಬ್ಬೊಬ್ಬರಾಗಿ ಕೇಳುವುದು ಬಿಟ್ಟರು. ನನ್ನ ಮದುವೆಯ ಹೆಣ್ಣು ನೋಡಿಬಂದ ದಿನವೂ, "ನಿಂಗೆ ಇಷ್ಟ ಆದ್ರೆ ಸರಿ" ಎಂದಷ್ಟೇ ಹೇಳಿದ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಎಂದು ಅಮ್ಮ ನನ್ನೆದುರು ಒಮ್ಮೆ ನಿಟ್ಟುಸಿರಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ನಾನು ಎದ್ದು ಆಚೆ ಹೋದೆ.

ಈಗ ನಾನು ಮಾಲೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸಿನವನು. ಹೊಸದಾಗಿ ಸೇರುವವರಿಗೆ ನಾನು ಹೇಳುವ ಮೊದಲ ಬುದ್ಧಿವಾದ, ಏನಾದರೂ ಸುಟ್ಟರೆ ಮೊದಲು ನೀನು ಏನು ಮುಟ್ಟಿದ್ದೆ ಹೇಳು, ಎಂಬುದು. ನಗಬೇಡಿ.

ಚೈತ್ರಳ ಹಾಳೆ ನೋಡಿದ ಮೇಲೆ ಎರಡು ದಿನ ಹೇಗೋ ತಳ್ಳಿದೆ. ಭಾನುವಾರ ಅವಳನ್ನೂ ಕರೆದುಕೊಂಡು ರಾಯಲ್ಪಾಡಿಗೆ ಹೋದೆ. ಅಪ್ಪ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಒಂದು ಫ್ಯಾನಿಗೆ ತಂತಿ ಸುತ್ತುತ್ತಿದ್ದ. ಈಗ ದೊಡ್ಡ ಮೋಟಾರು ಎತ್ತುವ ವಯಸ್ಸಲ್ಲ. ನಾನು ಪೀಠಿಕೆ ಹಾಕದೆ ಹೇಳಿಬಿಟ್ಟೆ. ಕೆಂಪು ಸ್ವಿಚ್ಚು, 115, ತ್ರೀ ಫೇಸ್ ಹೋದದ್ದು, ವಾಪಸು ಸರಿಸಿದ್ದು. ನನ್ನ ದನಿ ನನಗೇ ಹತ್ತೊಂಬತ್ತು ವರ್ಷದವನದಂತೆ ಕೇಳಿಸಿತು.

ಅಪ್ಪನ ಕೈ ಸುತ್ತುವುದನ್ನು ನಿಲ್ಲಿಸಿತು. ಅವನು ಕೇಳಿದ್ದು ನಾನು ಎಣಿಸಿದ್ದನ್ನಲ್ಲ.

"ಎಷ್ಟೊತ್ತು ಓಡ್ತು?"

"ಒಂದೂವರೆ ಗಂಟೆ."

"ಸ್ವಿಚ್ ಆ ಕಡೆ ಇಟ್ಕೊಂಡು?"

"ಹೂಂ."

"ಒಂದೂವರೆ ಗಂಟೆ ತಡ್ಕೊಂಡಿದೆ ಅಂದ್ರೆ ಒಳಗೆ ಸ್ವಲ್ಪ ಮಾಲೂ..." ಎಂದು ಗೊಣಗಿ, ಏನೋ ಲೆಕ್ಕ ಹಾಕಿ, ಅಲ್ಲಿಗೇ ಬಿಟ್ಟ. ಆಮೇಲೆ ತಲೆಯೆತ್ತಿದ. "ಸಿಮೆಂಟು ಇದ್ದಿದ್ದು ನಿಜ. ನನ್ನ ಕೈ ಮೋಸ ಹೋಗಿದ್ದೂ ನಿಜ. ಅದು ನನ್ನ ತಪ್ಪು, ನಂಗಿರಲಿ. ನಿನ್ನ ತಪ್ಪು ನಿಂದು. ಎರಡನ್ನೂ ಬೆರೆಸಿ ನನ್ನ ತಲೆಗೇ ಕಟ್ಟಿದ್ಯಲ್ಲೋ! ಇಷ್ಟು ವರ್ಷ ಬಾಯಲ್ಲಿ ಏನು ತುರುಕ್ಕೊಂಡಿದ್ದೆ?" ದನಿ ಏರಿತು. "ಆ ಇಬ್ಬರು ರೈತರ ಮುಂದೆ ಅಂದೆಯಲ್ಲೋ. ಅವ್ರು ಆಮೇಲೆ ನಮ್ಮ ಅಂಗಡಿ ಮೆಟ್ಲು ಹತ್ಲಿಲ್ಲ, ಗೊತ್ತೇನ್ಲಾ ನಿಂಗೆ?"

ಗೊತ್ತಿರಲಿಲ್ಲ. ಅತ್ತುಬಿಟ್ಟೆ, ಮೂವತ್ತು ದಾಟಿದ ಗಂಡಸು, ರಸ್ತೆಯ ಮೇಲೆ. ಅಪ್ಪ ಸಮಾಧಾನ ಮಾಡಲಿಲ್ಲ. ಆವತ್ತು ನನ್ನ ಜೊತೆ ಊಟಕ್ಕೂ ಕೂರಲಿಲ್ಲ. ಆದರೆ ಹೊರಡುವ ಹೊತ್ತಿಗೆ ಚೈತ್ರಳನ್ನು ಕರೆದು ಹಾಳೆ ಕೇಳಿ ತೆಗೆದುಕೊಂಡ. ಕನ್ನಡಕ ಹಾಕಿಕೊಂಡು, "ಈ ಗಾಜಿನ ಬಾಗ್ಲು ಯಾಕಮ್ಮ? ಗಾಳಿ ಎಲ್ಲಿಂದ ಬರುತ್ತೆ? ಬೇಡ" ಎಂದ.

"ಮುಂದೆ ಜಾಲರಿ ಇದೆ ತಾತ!"

"ಇದ್ರೂ ಬೇಡ."

ಇಬ್ಬರೂ ಜಗಳಕ್ಕೆ ನಿಂತರು. ನಾನು ಬಸ್ಸು ತಪ್ಪಿಸಿಕೊಂಡೆ.

ಅಲ್ಲಿಂದ ಹದಿನೈದು ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ನಾನು ಫೋನು ಮಾಡಿದರೆ ಅಮ್ಮನ ಕೈಗೆ ಕೊಡುತ್ತಿದ್ದ. ಚೈತ್ರ ಮಾತ್ರ ದಿನಾ ಸಂಜೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು: ತಾತ ಇದು ಬೇಡ ಅಂತು, ತಾತ ಅದು ತಗೊ ಅಂತು, ಪಟ್ಟಿ ಮುಗಿಯೋ ಹಾಗೇ ಕಾಣಲ್ಲ ಮಾಮ. ದೂರುವ ದನಿಯಲ್ಲಿ ಅವಳು ಹೇಳುತ್ತಿದ್ದರೆ ನಾನು, ಇನ್ನೂ ಏನಂದ, ಇನ್ನೂ ಏನಂದ ಎಂದು ಕೇಳುತ್ತಿದ್ದೆ.

ಮೊನ್ನೆ ಮೂವರೂ ಕೋಲಾರಕ್ಕೆ ಹೋದೆವು, ಬೇರೆ ಅಂಗಡಿಗೆ. ಬಸ್ಸಿನಲ್ಲಿ ಅಪ್ಪ ಮೊಮ್ಮಗಳ ಪಕ್ಕ ಕೂತ, ನಾನು ಹಿಂದಿನ ಸೀಟಿನಲ್ಲಿ. ಅಂಗಡಿಯವನು ಎರಡು ಎಸ್‌ಎಂಪಿಎಸ್ ತಂದು ಮುಂದಿಟ್ಟ. ಅಪ್ಪ ಎತ್ತಲಿಲ್ಲ. ತಿರುಗಿಸಿ ಚೀಟಿಯನ್ನು ಸಾಲು ಸಾಲಾಗಿ ಓದಿದ, ಜಾಲರಿಯ ಸಂದಿಯಲ್ಲಿ ಮೊಬೈಲಿನ ಟಾರ್ಚು ಬಿಟ್ಟು ಇಣುಕಿದ, ಆಮೇಲೆ, "ಬಿಚ್ಚಿ ತೋರಿಸು" ಎಂದ.

"ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಯಜಮಾನ್ರೆ."

"ಬಿಚ್ಚದೆ ತಗೊಂಡ್ರೆ ದುಡ್ಡು ಹೋಗುತ್ತೆ."

ಹಿಂದೆ ನಿಂತಿದ್ದವರು ನಕ್ಕರು. ಚೈತ್ರಳ ಮುಖ ಕೆಂಪಾಯಿತು. ಅಂಗಡಿಯವನು ಬೇಸತ್ತು ನನ್ನ ಕಡೆ ತಿರುಗಿ, "ಸಾರ್, ನೀವಾದ್ರೂ ಸ್ವಲ್ಪ ಹೇಳಿ ಇವ್ರಿಗೆ" ಎಂದ.

"ನಾನೇನು ಹೇಳ್ಲಿ? ಅವ್ರಿಗೆ ಗೊತ್ತು" ಎಂದೆ. "ಅವ್ರು ಹೇಳಿದ್ದೇ ತಗೊಳ್ಳೋದು."

ಅಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಹದಿನೈದು ದಿನದಲ್ಲಿ ಮೊದಲ ಸಲ.

"ನಿನ್ನನ್ನ ಯಾರ್ಲಾ ಕೇಳಿದ್ದು? ಸುಮ್ನೆ ನಿಂತ್ಕೊ" ಎಂದ.

ನಿಂತುಕೊಂಡೆ.